ಹುಳ ಇದ್ದಷ್ಟು ದಿನ ಒಗ್ಗರಣೆ ಇಲ್ಲ

ಊರವರೆಲ್ಲ ಏನು ತಿನ್ನುತ್ತಾರೆ ಎಂದು ಕೇಳುವುದೇ ನನ್ನ ಕೆಲಸ. ಚಿಂತಾಮಣಿಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಊಟದ ವಿಷಯ ಹೇಳಿಕೊಡುತ್ತೇನೆ. ಜನ ‘ಊಟದ ಮೇಡಂ’ ಎನ್ನುತ್ತಾರೆ. ಮೊದಲಿನಿಂದಲೂ ನನಗೆ ಕುತೂಹಲ ಜಾಸ್ತಿ. ಬಸ್ಸಿನಲ್ಲಿ ಪಕ್ಕದವರು ಡಬ್ಬಿ ತೆಗೆದರೆ ಕತ್ತು ತಾನಾಗಿ ಆ ಕಡೆ ತಿರುಗುತ್ತದೆ. ಇಂಥವಳಿಗೆ ಇಂಥ ಕೆಲಸ ಸಿಕ್ಕ ಮೇಲೆ ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ.

ಏನೂ ತಿನ್ನದವರು

ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ ರೇಷ್ಮೆ ಬೆಳೆಯುವ ಯಜಮಾನರೊಬ್ಬರು ಹೆಂಡತಿಯ ಕೈ ಹಿಡಿದುಕೊಂಡು ಬಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಕ್ಕರೆ ಇಳಿಯದೆ ಆಪರೇಷನ್ ಮಾಡುವುದಿಲ್ಲ ಎಂದು ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

“ಏನೇನು ತಿಂತೀರಿ ಯಜಮಾನ್ರೇ?” ಎಂದೆ.

“ಏನೂ ಇಲ್ಲ ಮೇಡಂ. ಬೆಳಿಗ್ಗೆ ಮುದ್ದೆ, ರಾತ್ರಿ ಮುದ್ದೆ.”

“ಸಾಯಂಕಾಲದ ಬೋಂಡ?” ಎಂದರು ಹೆಂಡತಿ.

“ಅದು ತಿಂಡಿ ಕಣೇ. ಮೇಡಂ ಊಟ ಕೇಳ್ತಾವ್ರೆ.”

“ಬೋಂಡ ಆದ್ಮೇಲೆ ಕಜ್ಜಾಯ?”

“ಬಾಯಿ ಖಾರ ಆಗುತ್ತಲ್ಲ, ಅದಕ್ಕೆ.”

ಸೊಪ್ಪು, ಕಾಳು, ತರಕಾರಿ ಹೇಗೆ ತಿನ್ನಬೇಕು, ಕರಿದದ್ದು, ಸಿಹಿ ಯಾಕೆ ಬಿಡಬೇಕು ಎಂದು ಸಾವಧಾನವಾಗಿ ಹೇಳಿದೆ. ಮಾತ್ರೆ ತಪ್ಪಿಸಬೇಡಿ ಎಂದೂ ಹೇಳಿದೆ. ಅವರು ಎಲ್ಲವನ್ನೂ ಭಕ್ತಿಯಿಂದ ಕೇಳಿ ಕೈ ಮುಗಿದು ಎದ್ದರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

“ಒಂದು ಮರೆತೆ ಮೇಡಂ. ಈ ಸೊಪ್ಪೆಲ್ಲಾ ಬೋಂಡಕ್ಕೆ ಮುಂಚೆ ತಿನ್ಬೇಕಾ, ಆಮೇಲಾ?”

ಔಷಧಿ ಬೇರೆ, ಊಟ ಬೇರೆ

ಗೌರಿಬಿದನೂರಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಅನ್ನದ ಬದಲು ನವಣೆ ತಿನ್ನಿ ಎಂದಿದ್ದೆ. ಮುಂದಿನ ಸಲ ಬಂದಾಗ ಅವರ ತೂಕ ಇಳಿಯುವ ಬದಲು ಏರಿತ್ತು. ನವಣೆ ತಿನ್ನಲಿಲ್ಲವೇ ಎಂದು ಕೇಳಿದೆ.

“ತಪ್ಪದೆ ತಿಂತಿದೀನಮ್ಮ. ಹನ್ನೆರಡಕ್ಕೆ ನವಣೆ ಬಿಸಿಬೇಳೆಬಾತು, ತುಪ್ಪ ಹಾಕ್ಕಂಡು.”

“ಆಮೇಲೆ?”

“ಒಂದಕ್ಕೆ ಊಟ.”

ಹಪ್ಪಳದ ಕೆಳಗೆ

ಚಿಂತಾಮಣಿಯಲ್ಲೇ ಒಂದು ಮದುವೆ. ನಾನು ಊಟದ ಸಾಲಿಗೆ ಕಾಲಿಟ್ಟಿದ್ದೇ ತಡ, ಎದುರು ಸಾಲಿನಲ್ಲಿ ಕೂತಿದ್ದ ನಮ್ಮ ಆಸ್ಪತ್ರೆಗೆ ಬರುವ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಸರಕ್ಕನೆ ಹಪ್ಪಳ ಎತ್ತಿ ಹೋಳಿಗೆಯ ಮೇಲೆ ಮುಚ್ಚಿದರು. ಸುಮ್ಮನಿರಲಾರದೆ ಹೋಗಿ ಮಾತಾಡಿಸಿದೆ.

“ಮೊಮ್ಮಗಳಿಗೆ ಅಂತ ಎತ್ತಿಟ್ಟಿದೀನಮ್ಮ,” ಎಂದರು.

“ನಂದು ನಂಗೇ ಇದೆ ಅಜ್ಜಿ,” ಎಂದಳು ಪಕ್ಕದಲ್ಲಿದ್ದ ಮೊಮ್ಮಗಳು.

ಅಜ್ಜಿಗೆ ನಾಚಿಕೆಯಾಗದಿರಲಿ ಎಂದು ನಕ್ಕು ನನ್ನ ಸಾಲಿಗೆ ಬಂದು ಎಲೆಯ ಮುಂದೆ ಕೂತೆ. ಅಷ್ಟು ಹೊತ್ತಿಗೆ ಬಡಿಸುವವನು ಛತ್ರಕ್ಕೆಲ್ಲ ಕೇಳುವಂತೆ ಕೂಗಿದ, “ಮೇಡಂ, ಆ ಸಾಲಲ್ಲಿ ತಿಂದ್ಬಿಟ್ಟು ಈ ಸಾಲಿಗೆ ಬಂದ್ರಾ? ಇನ್ನೊಂದು ಹೋಳಿಗೆ ಹಾಕ್ಲಾ?”

ಸಕ್ಕರೆಯ ಒಗಟು

ನಮ್ಮ ರೇಷ್ಮೆ ಯಜಮಾನರ ಸಕ್ಕರೆ ಮಾತ್ರ ನನ್ನ ತಲೆ ಕೆಡಿಸಿತ್ತು. ಒಂದು ಸಲ ಇಳಿದಿರುತ್ತಿತ್ತು, ಮುಂದಿನ ಸಲ ಆಕಾಶಕ್ಕೆ ಏರಿರುತ್ತಿತ್ತು. ಮಾತ್ರೆ ಅದೇ, ಮನೆ ಅದೇ, ಹೆಂಡತಿಯೂ ಅವರೇ. ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು. ಒಂದು ದಿನ ಆಸ್ಪತ್ರೆಯ ಜಗಲಿಯಲ್ಲಿ ಆ ಹೆಂಗಸು ಗಂಡನ ಬೆರಳು ಹಿಡಿದು ಊಟದ ತಟ್ಟೆಗೆ ಮುಟ್ಟಿಸುವುದನ್ನು ನೋಡಿ ನನಗೆ ಸಂಕಟವಾಯಿತು.

“ಸಕ್ಕರೆ ಇಳಿದಿತ್ತಲ್ಲ, ಆಗ ಮನೇಲಿ ಏನು ಅಡುಗೆ ಮಾಡಿದ್ರಿ?” ಎಂದು, ಯಜಮಾನರು ರಕ್ತ ಪರೀಕ್ಷೆಗೆ ಹೋಗಿದ್ದಾಗ, ಹೆಂಡತಿಯನ್ನು ಪಟ್ಟು ಹಿಡಿದು ಕೇಳಿದೆ.

“ಆಗ ಹುಳ ಇತ್ತಲ್ಲ ಮೇಡಂ.”

ಹುಳ ಎಂದರೆ ರೇಷ್ಮೆ ಹುಳ. ಅವನ್ನು ಸಾಕುವ ಹುಳುಮನೆ ಅಡುಗೆಮನೆಗೆ ಅಂಟಿಕೊಂಡೇ ಇದೆ. ಹುಳಕ್ಕೆ ಹೊಗೆ, ಘಾಟು ಆಗುವುದಿಲ್ಲವೆಂದು ಹುಳ ಇದ್ದಷ್ಟು ದಿನ ಒಲೆಯ ಮೇಲೆ ಬಾಣಲೆ ಇಡುವುದಿಲ್ಲ. ಬೋಂಡ ಇಲ್ಲ, ಕಜ್ಜಾಯ ಇಲ್ಲ, ಒಗ್ಗರಣೆಯೂ ಇಲ್ಲ. ಸೊಪ್ಪು, ಕಾಳು ಬೇಯಿಸಿದ ಉಪ್ಸಾರು, ಮುದ್ದೆ, ಅಷ್ಟೇ. ಗೂಡು ಮಾರುಕಟ್ಟೆಗೆ ಹೋದ ದಿನವೇ ಬಾಣಲೆ ಒಲೆಗೇರುತ್ತಿತ್ತು.

“ಹಂಗಾದ್ರೆ ಈಗಲೇ ಹುಳ ತನ್ನಿ,” ಎಂದೆ.

“ಎಲ್ಲಿ ತರಣ ಮೇಡಂ? ಇವರನ್ನ ನೋಡ್ಕಂಡು ಒಬ್ಬಳೇ ಹುಳ ನೋಡಕ್ಕಾಗಲ್ಲ ಅಂತ ಈ ಬೆಳೆನೇ ಬಿಟ್ಟಿದೀನಿ.” ಆಮೇಲೆ ಮೆಲ್ಲಗೆ ನಕ್ಕರು. “ಹುಳ ತರ್ತೀನಿ ಬಿಡಿ. ನೀವು ಮಾತ್ರ ಬಾಯಿ ಬಿಡಬಾರದು.”

ಕಾವಲು

ಏನು ಮಾಡಿದ್ದಾರೋ ನೋಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಒಂದು ಭಾನುವಾರ ಅವರ ಹಳ್ಳಿಗೇ ಹೋದೆ. ಯಜಮಾನರು ಹುಳುಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು.

“ಮೆಲ್ಲಗೆ ಮಾತಾಡಿ ಮೇಡಂ, ಹುಳ ಇದೆ. ನನ್ನೂ ಒಳಗೆ ಬಿಡಲ್ಲ ಇವಳು, ಮಬ್ಬುಗಣ್ಣಲ್ಲಿ ತುಳಿದುಬಿಡ್ತೀನಂತೆ.”

ಅಷ್ಟರಲ್ಲಿ ಪಕ್ಕದ ಮನೆಯಿಂದ ಒಗ್ಗರಣೆ ಘಾಟು ಬಂತು. “ಏನಮ್ಮ, ಹುಳ ಸಾಯಿಸ್ತೀಯಾ?” ಎಂದು ಯಜಮಾನರು ಗದರಿದರು. ಬಾಗಿಲಿಗೆ ಬಂದಿದ್ದ ಪಕ್ಕದ ಮನೆಯಾಕೆ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಊರಿಗೆಲ್ಲ ವಿಷಯ ಗೊತ್ತಿತ್ತು, ಅವರೊಬ್ಬರಿಗೆ ಬಿಟ್ಟು.

ಹೆಂಡತಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಗಂಡನ ಮುಂದೆಯೇ ಒಳಗೆ ಹೋದರು. ನಾನೂ ಹಿಂದೆ ಹೋದೆ. ಹುಳ ಸಾಕುವ ತಟ್ಟೆಗಳೆಲ್ಲ ಖಾಲಿ. ಅವರು ಹೊರೆಯನ್ನು ಹಿಂಬಾಗಿಲಿನಿಂದ ಕೊಟ್ಟಿಗೆಗೆ ದಾಟಿಸಿದರು. ಹಸು ತಿನ್ನತೊಡಗಿತು.

ಹೊರಗೆ ಬಂದಾಗ ಯಜಮಾನರು ಹೆಮ್ಮೆಯಿಂದ ಹೇಳಿದರು, “ಎಂಥ ಹುಳ ನೋಡಿದ್ರಾ? ಅಷ್ಟು ಸೊಪ್ಪು ತಿಂದ್ರೂ ಒಂದಿಷ್ಟು ಸದ್ದಿಲ್ಲ. ಒಳ್ಳೆ ಜಾತಿ ಇರ್ಬೇಕು. ಹಣ್ಣಾದ್ರೆ ಆಯ್ತು, ಆಮೇಲೆ ಒಂದೆಲೆನೂ ಮುಟ್ಟಲ್ಲ, ಗೂಡು ಕಟ್ಟಕ್ಕೆ ಶುರು.”

ಪಟ್ಟಿ ಬಿಚ್ಚಿದ ದಿನ

ಸಕ್ಕರೆ ಇಳಿಯಿತು. ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಹೊರಟಾಗ ನಾನೂ ಜೊತೆಗೆ ಹೋದೆ, ಮುಂದೇನಾಗುತ್ತದೋ ಎಂದು ನನಗೆ ತಡೆಯಲಾಗಲಿಲ್ಲ.

ಯಜಮಾನರು ಕಪ್ಪು ಕನ್ನಡಕದಲ್ಲಿ ಆಟೋ ಇಳಿದು, ಯಾರ ಕೈಯನ್ನೂ ಹಿಡಿಯದೆ ನೆಟ್ಟಗೆ ಹುಳುಮನೆಗೆ ನಡೆದರು. ಬಾಗಿಲು ತಳ್ಳಿದರು. ಒಂದೊಂದೇ ತಟ್ಟೆ ನೋಡಿಕೊಂಡು ಹೋದರು. ಅವರು ಹಾಗೆ ತಾವೇ ನಡೆದು ತಾವೇ ನೋಡುವುದನ್ನು ಕಂಡು ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ನನಗೂ ಅಷ್ಟೇ.

“ಹುಳ ಎಲ್ಲೇ?” ಎಂದರು ಯಜಮಾನರು.

ಹೆಂಡತಿ ಕಣ್ಣೊರೆಸಿಕೊಂಡು, “ಇಷ್ಟು ದಿನ ದಿನಾ ಸೊಪ್ಪು ತಿಂದಿದ್ದು ಯಾರಯ್ಯ? ನೀನೇ ಹುಳ,” ಎಂದರು.

ಯಜಮಾನರು ಖಾಲಿ ತಟ್ಟೆಯೊಂದನ್ನು ಎತ್ತಿ ತಿರುಗಿಸಿ ನೋಡಿದರು. ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ.

“ಸರಿ. ಹುಳ ಹಣ್ಣಾಯ್ತು ಕಣೇ,” ಎಂದರು. “ಇನ್ನು ಒಂದೆಲೆನೂ ಮುಟ್ಟಲ್ಲ. ಇವತ್ತು ಬೋಂಡ ಕರಿ.”

ಹೆಂಡತಿ ಸೊಪ್ಪು ಬಿಡಿಸಲು ಮೊರ ಎಳೆದುಕೊಂಡು ಕೂತರು.

“ಮೊದಲು ಗೂಡು ಕಟ್ಟು, ಆಮೇಲೆ ನೋಡಣ.”