ಮಹಾರಾಜನ ಹೆಸರಿನ ಮೇಸ್ತ್ರಿ

ಇಂಗ್ಲೆಂಡಿನ ಹಾರ್ಬೋರ್ನ್‌ನ ನಮ್ಮ ಮನೆಗೆ ಕೆಲಸಕ್ಕೆಂದು ಬಂದವರು ಯಾರೂ ಬರೀ ಕೆಲಸ ಮುಗಿಸಿ ಹೋದದ್ದಿಲ್ಲ. ಒಂದು ನಗೆಯನ್ನಾದರೂ ಬಿಟ್ಟೇ ಹೋಗಿದ್ದಾರೆ. ಅವರಲ್ಲಿ ಪೋಲೆಂಡಿನ ಮೇಸ್ತ್ರಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಮಂಡಿ ಆಪರೇಷನ್ ಆಗಿದ್ದ ಅತ್ತೆ ಮೈಸೂರಿನಿಂದ ಬರುವವರಿದ್ದರು. ಮೆಟ್ಟಿಲು ಹತ್ತಲಾರರು, ಸ್ನಾನವಾಗದೆ ಕಾಫಿಯನ್ನೂ ಮುಟ್ಟರು. ನಮ್ಮ ಬಚ್ಚಲೋ ಮಹಡಿಯ ಮೇಲೆ! ಕೆಳಗೊಂದು ಕಟ್ಟಿಸಲೇಬೇಕಿತ್ತು.

೧. ಪರಿಚಯ

ಮೇಸ್ತ್ರಿ ಮೊದಲ ದಿನವೇ ಎದೆ ಮುಟ್ಟಿಕೊಂಡು ಹೇಳಿದ: “ನನ್ನ ಹೆಸರು ಕಾಜಿಮಿಯೆಶ್. ನಮ್ಮ ಮಹಾರಾಜನ ಹೆಸರು. ಅವನ ಕೈಗೆ ಬಂದದ್ದು ಮರದ ಪೋಲೆಂಡ್, ಅವನು ಬಿಟ್ಟುಹೋದದ್ದು ಕಲ್ಲಿನ ಪೋಲೆಂಡ್.”

“ಎಷ್ಟು ವರ್ಷ ಹಿಡೀತು?” ಎಂದರು ನಮ್ಮ ಯಜಮಾನರು.

“ಆಳಿದ್ದು ಮೂವತ್ತೇಳು ವರ್ಷ.”

“ನಮ್ಮಮ್ಮ ಇನ್ನು ಹದಿನೈದು ದಿನಕ್ಕೆ ಬರ್ತಾರೆ.”

೨. ಹೆಸರಿನ ಹಬ್ಬ

ಟೈಲ್ಸ್ ಹಾಕುವ ಮುನ್ನಾದಿನ ಮೇಸ್ತ್ರಿ, “ನಾಳೆ ಮಾರ್ಚ್ ನಾಲ್ಕು, ನನ್ನ ಹೆಸರಿನ ಹಬ್ಬ,” ಎಂದ. ಅದೇ ಹೆಸರಿನ ರಾಜಕುಮಾರನೊಬ್ಬ ಸಂತನಾಗಿದ್ದನಂತೆ. ಆ ದಿನ ಕಾಜಿಮಿಯೆಶ್‌ಗಳಿಗೆಲ್ಲ ಹಬ್ಬವಂತೆ. ಹಬ್ಬವೆಂದರೆ ಕೆಲಸಕ್ಕೆ ರಜೆಯೇ! ಅತ್ತೆ ಬರಲು ಮೂರೇ ದಿನ.

ಬೆಳಿಗ್ಗೆ ಬೆಲ್ ಆಯಿತು. ಕೇಕ್ ಹಿಡಿದು ಮೇಸ್ತ್ರಿ ನಿಂತಿದ್ದ, ಹಿಂದೆ ಇನ್ನಿಬ್ಬರು. “ಇವನೂ ಕಾಜಿಮಿಯೆಶ್, ಅವನೂ ಕಾಜಿಮಿಯೆಶ್. ಹಬ್ಬ ಇಲ್ಲೇ ಮಾಡ್ತೀವಿ, ಟೈಲ್ಸೂ ಹಾಕ್ತೀವಿ.” ಆ ಮೂವರೂ ಬಾಳಲಿ!

ಒಬ್ಬನನ್ನು ಕರೆದರೆ ಮೂವರೂ ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನ ಮಗಳು ರಾಜರಿಗೆಲ್ಲ ನಂಬರ್ ಹಾಕಿ ಮುಗಿಸಿದ್ದಳು. “ಅಮ್ಮಾ, ಕಾಜಿಮಿಯೆಶ್ ದ ಸೆಕೆಂಡ್ ವಾಂಟ್ಸ್ ಮೋರ್ ಶುಗರ್!”

೩. ಗೋತ್ರ

ಅತ್ತೆ ಬಂದರು. ಆಪರೇಷನ್ ಆದಮೇಲೆ ಮೊದಲ ಸಲ, ಯಾರ ಕೈಯನ್ನೂ ಹಿಡಿಯದೆ, ಒಬ್ಬರೇ ಬಾಗಿಲು ಹಾಕಿಕೊಂಡು ಸ್ನಾನ ಮಾಡಿದರು. ಹೊರಗೆ ಬಂದವರ ಕಣ್ಣು ಒದ್ದೆಯಾಗಿತ್ತು, ನನ್ನದೂ. “ಆ ಪುಣ್ಯಾತ್ಮನ ಹೆಸರಲ್ಲಿ ಒಂದು ಅರ್ಚನೆ ಮಾಡಿಸ್ಬೇಕಮ್ಮ,” ಎಂದರು.

ದೇವಸ್ಥಾನದಲ್ಲಿ ಅರ್ಚಕರು ಗೋತ್ರ ಕೇಳಿದರು. ಅತ್ತೆ ಒಂದಿಷ್ಟೂ ತಡವರಿಸಲಿಲ್ಲ. “ಕಾಶ್ಯಪ ಗೋತ್ರ. ಹೆಸರು ಕಾಜಿಮಿಯೆಶ್.” ಅರ್ಚಕರು ಅದನ್ನೇ ರಾಗವಾಗಿ ಹೇಳಿ ಮಂಗಳಾರತಿ ಎತ್ತಿದರು.

ಯಜಮಾನರು ಗಾಬರಿಯಾಗಿ, “ಅಮ್ಮಾ, ಅದು ನಮ್ಮ ಗೋತ್ರ!” ಎಂದರು.

“ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪಾನೇ ಕಣೋ. ಅದೂ ಅಲ್ದೆ, ನೀನು ಹದಿನೈದು ದಿನ ಸೊಂಟದ ಮೇಲೆ ಕೈಯಿಟ್ಕೊಂಡು ನೋಡ್ತಾ ನಿಂತಿದ್ಯಂತೆ. ಬಚ್ಚಲು ಕಟ್ಟಿದ್ದು ನಿಮ್ಮಣ್ಣ!”