ಸಮರುಚಿ ಗೋಬಿ ಅಭಿಯಾನ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ, ಈ ಮೂರೂ ತಾಲೂಕುಗಳ ಮನೆಗಳಲ್ಲಿ ಊಟಕ್ಕೆ ಮುಂಚೆ ಇರುತ್ತಿದ್ದದ್ದು ಹಸಿವೆಯೊಂದೇ. ಈ ಗಂಭೀರ ಕೊರತೆಯನ್ನು ಮೊದಲು ಗುರುತಿಸಿದ ಕೀರ್ತಿ ಸರ್ಕಾರದ ಮನೆರುಚಿ ಪ್ರೋತ್ಸಾಹಕ ಕೋಶಕ್ಕೆ ಸಲ್ಲಬೇಕು. ಹೋಟೆಲುಗಳಲ್ಲಿ ಜನ ಮೊದಲು ಸ್ಟಾರ್ಟರ್ ತಿಂದು, ಹೊಟ್ಟೆ ತುಂಬಿದ ಮೇಲೆ ಊಟಕ್ಕೆ ಹೇಳುತ್ತಾರೆ. ಮನೆಗಳಲ್ಲಿ ಮಾತ್ರ ಹಸಿದ ಹೊಟ್ಟೆಯಲ್ಲೇ ನೇರವಾಗಿ ಅನ್ನಕ್ಕೆ ಕೈಹಾಕುತ್ತಿದ್ದಾರೆ ಎಂದು ಕೋಶವು ಸಮೀಕ್ಷೆ ಮಾಡಿ ಕಂಡುಕೊಂಡಿತು. ಕೂಡಲೇ 'ಪೂರ್ವಭೋಜನ ಸ್ವಾವಲಂಬನಾ ಅಭಿಯಾನ' ಶುರುವಾಯಿತು. ಹೋಟೆಲಿನ ಸ್ಟಾರ್ಟರನ್ನು ಮನೆಯಲ್ಲಿಯೇ ತದ್ವತ್ತಾಗಿ ತಯಾರಿಸಿದ ಗೃಹಿಣಿಗೆ 'ಸಮರುಚಿ ಪ್ರಮಾಣಪತ್ರ' ನೀಡತಕ್ಕದ್ದೆಂದು ತೀರ್ಮಾನವಾಯಿತು.

ಇಸಳೂರಿನ ಮಹೇಶ್ವರಿಗೆ ಆ ಪ್ರಮಾಣಪತ್ರ ಬೇಕೇ ಬೇಕಾಗಿತ್ತು. ಕಾರಣ ಅವಳ ಅತ್ತೆ ಪಾರ್ವತವ್ವ.

ಬನವಾಸಿ ಕಡೆಯ ಪಾರ್ವತವ್ವ, ಮಗ ಪವನ್ ಇಸಳೂರಿನಲ್ಲಿ ಹೊಸ ಮನೆ ಕಟ್ಟಿಸಿದ ಮೇಲೆ ಇಲ್ಲಿಗೆ ಬಂದವಳು. ಮಂಗಳವಾರ ಶಿರಸಿ ಸಂತೆಗೆ ಹೋದಾಗ ನವಮೇಘ ಹೋಟೆಲಿನ ಮೆಟ್ಟಿಲು ಹತ್ತಿ, ಮಹಡಿಯ ಫ್ಯಾಮಿಲಿ ರೂಮಿನಲ್ಲಿ ಕೂತು, ಒಂದು ಪ್ಲೇಟ್ ಗೋಬಿ ಮಂಚೂರಿ ತಿನ್ನುವುದನ್ನು ಅವಳು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದಳು. ಆಮೇಲೆ ಮೊಣಕಾಲು ಕೈಕೊಟ್ಟವು. ಮೆಟ್ಟಿಲು ಹತ್ತುವುದು ನಿಂತಿತು. ನವಮೇಘದ ಮಾಲೀಕ ವಿಶ್ವೇಶ್ವರ ಭಟ್ಟರು ಗೋಬಿಯನ್ನು ಪಾರ್ಸೆಲ್ ಕೊಡುತ್ತಿರಲಿಲ್ಲ. ಕಟ್ಟಿಸಿಕೊಂಡು ಹೋದ ಗೋಬಿ ಹಾದಿಯಲ್ಲಿ ಮೆತ್ತಗಾಗಿ ಹೋಟೆಲಿನ ಮಾನ ಕಳೆಯುತ್ತದೆ ಎಂಬುದು ಅವರ ಸಿದ್ಧಾಂತ.

ಮಂಗಳವಾರ ಬಂತೆಂದರೆ ಮುದುಕಿ ಕಿಟಕಿಯ ಹತ್ತಿರ ಕೂತು, ಶಿರಸಿ ಬಸ್ಸು ಹೋಗುವುದನ್ನು ನೋಡುತ್ತ ನಿಟ್ಟುಸಿರು ಬಿಡತೊಡಗಿದಳು. ಮಹೇಶ್ವರಿಗೆ ಅದನ್ನು ನೋಡಲಾಗಲಿಲ್ಲ. ಹೂಕೋಸು ತಂದಳು, ಅರಿಶಿನ ಹಾಕಿದ ಬಿಸಿನೀರಲ್ಲಿ ಅದ್ದಿದಳು, ಮೈದಾ, ಕಾರ್ನ್‌ಫ್ಲೋರ್, ಅರೆದ ಬ್ಯಾಡಗಿ ಮೆಣಸಿನಕಾಯಿ ಕಲಸಿ ಗರಿಗರಿಯಾಗಿ ಕರಿದಳು. ಬೆಳ್ಳುಳ್ಳಿ, ಈರುಳ್ಳಿ, ಸಾಸು ಹಾಕಿ ಬಾಣಲೆಯಲ್ಲಿ ಎತ್ತಿ ಎತ್ತಿ ಹುರಿದು ಅತ್ತೆಯ ಮುಂದಿಟ್ಟಳು. ಪಾರ್ವತವ್ವ ತಟ್ಟೆ ಖಾಲಿ ಮಾಡಿ ಬೆರಳು ನೆಕ್ಕಿ ತೀರ್ಪು ಕೊಟ್ಟಳು.

"ಚಲೋ ಆಗೇತಿ ಬಿಡು ಯವ್ವಾ. ಆದ್ರ ಹೋಟ್ಲಿಂದಲ್ಲ."

ಮಹೇಶ್ವರಿ ಮುಂದಿನ ವಾರ ಮತ್ತೆ ಮಾಡಿದಳು, ಅದರ ಮುಂದಿನ ವಾರವೂ ಮಾಡಿದಳು. ತಟ್ಟೆ ಪ್ರತಿಸಲವೂ ಖಾಲಿಯಾಯಿತು, ತೀರ್ಪು ಬದಲಾಗಲಿಲ್ಲ. ಅಭಿಯಾನದ ಸುದ್ದಿ ಕಿವಿಗೆ ಬಿದ್ದದ್ದು ಆಗ.

"ಸರ್ಕಾರದ ಮಂದಿ ಬಂದು ಇದು ಹೋಟ್ಲಿನ ರುಚೀನ ಅಂತ ಬರದು ಕೊಟ್ರ, ಅತ್ತಿ ಇಲ್ಲ ಅನ್ನಾಕ ಬರ್ತೈತೇನ್ರಿ?" ಎಂದು ಗಂಡನನ್ನು ಕೇಳಿದಳು.

"ಅವ್ವ ಸರ್ಕಾರದ ಮಾತ ಯಾವಾಗ ಕೇಳ್ಯಾಳ?" ಎಂದ ಪವನ್. ಆದರೂ ಹೆಸರು ಕೊಟ್ಟುಬಂದ.

ಅಭಿಯಾನದ ನಿಯಮಗಳು ಸ್ಪಷ್ಟವಾಗಿದ್ದವು. ಗೋಬಿಗೆ ಕೃತಕ ಬಣ್ಣ ಬಳಸತಕ್ಕದ್ದಲ್ಲ. ಆದರೆ ಬಣ್ಣ ಬಂದಿರತಕ್ಕದ್ದು. ಖಾದ್ಯವು ಮನೆಯಲ್ಲಿಯೇ ತಯಾರಾಗಿರತಕ್ಕದ್ದು. ಆದರೆ ಮನೆಯಲ್ಲಿ ತಯಾರಾದಂತೆ ಯಾವ ಕಾರಣಕ್ಕೂ ತೋರತಕ್ಕದ್ದಲ್ಲ. ಹೋಲಿಕೆಗಾಗಿ ನವಮೇಘ ಹೋಟೆಲಿನ ಗೋಬಿಯನ್ನು 'ಆಧಾರ ತಟ್ಟೆ' ಎಂದು ಪರಿಗಣಿಸತಕ್ಕದ್ದು.

ಆಧಾರ ತಟ್ಟೆಯ ರುಚಿಯನ್ನು ನಿಗದಿಪಡಿಸಲು ಕೋಶದ ಸಮಿತಿ ನವಮೇಘಕ್ಕೆ ಭೇಟಿ ನೀಡಿತು. ಬಿಸಿಲಿದ್ದ ದಿನದ ರುಚಿ ಒಂದು, ಮೋಡವಿದ್ದ ದಿನದ ರುಚಿ ಇನ್ನೊಂದು ಇರಬಹುದೆಂಬ ಶಾಸ್ತ್ರೀಯ ಅನುಮಾನದಿಂದ ಮತ್ತೆ ಮತ್ತೆ ಭೇಟಿ ನೀಡಿತು. ಸದಸ್ಯರ ನಾಲಿಗೆ ಪಕ್ಷಪಾತಿಯಾಗಬಾರದೆಂದು ಅವರ ಕುಟುಂಬದವರನ್ನೂ ಕರೆತರಲಾಯಿತು. ಗೋಬಿಯ ನಿಜವಾದ ರುಚಿ ತಿಳಿಯಲು ಅದರ ಅಕ್ಕಪಕ್ಕದ ರುಚಿ ಗೊತ್ತಿರಬೇಕಾದ್ದರಿಂದ ಬೇಬಿಕಾರ್ನ್, ಪನೀರ್ ಚಿಲ್ಲಿ ಮತ್ತು ಐಸ್‌ಕ್ರೀಮಿನ ಅಧ್ಯಯನವೂ ನಡೆಯಿತು. ನವಮೇಘದ ಅಡುಗೆಯವನು ಈ ಅಧ್ಯಯನವನ್ನು ಒಬ್ಬನೇ ನಿಭಾಯಿಸಿದ. ಒಂದು ಸಂಜೆ ಸೌಟನ್ನು ಕೌಂಟರಿನ ಮೇಲಿಟ್ಟು, ಹುಬ್ಬಳ್ಳಿ ಬಸ್ಸು ಹತ್ತಿದ.

ಇದೇ ಹೊತ್ತಿಗೆ ಕೋಶದ ಸಂಯೋಜಕ ಉಲ್ಲಾಸ ಮಹೇಶ್ವರಿಯ ಮನೆಗೆ ಪೂರ್ವಪರೀಕ್ಷೆಗೆ ಬಂದ. ಆತ ಸಣ್ಣ ಡಬ್ಬಿಯಲ್ಲಿ ನವಮೇಘದ ಕೊನೆಯ ಅಧಿಕೃತ ತುಂಡನ್ನು ತಂದಿದ್ದ. ಅದರ ಮುಕ್ಕಾಲು ಭಾಗ ದಾರಿಯಲ್ಲಿ ಪರಿಶೀಲನೆಗೆ ಒಳಪಟ್ಟಿತ್ತು. ಉಳಿದದ್ದನ್ನು ನಾಲಿಗೆಯ ಮೇಲಿಟ್ಟುಕೊಂಡು, ನೀರು ಕುಡಿದು, ಮಹೇಶ್ವರಿಯ ತಟ್ಟೆಗೆ ಕೈಹಾಕಿದ. ಅರ್ಧ ತಟ್ಟೆ ಮುಗಿಸಿದ.

"ದೋಷ ಇದೆ ಮೇಡಂ," ಎಂದ ಕೊನೆಗೆ.

ಮಹೇಶ್ವರಿ ಉಪ್ಪಿನ ಡಬ್ಬಿ ಕೈಗೆತ್ತಿಕೊಂಡಳು. "ಉಪ್ಪ ಕಡಿಮಿ ಆತೇನ್ರಿ ಸರ?"

"ಉಪ್ಪು ಸರಿ ಇದೆ. ಒಳಗೆ ಬೆಂದಿದೆ, ಹೊರಗೆ ಗರಿಗರಿ ಇದೆ. ನವಮೇಘದ್ದು ಇಷ್ಟು ಚೆನ್ನಾಗಿಲ್ಲ. ಇದು ಗಂಭೀರ ವ್ಯತ್ಯಾಸ."

"ಚಲೋ ಆಗೂದು ತಪ್ಪೇನ್ರಿ?"

"ತಪ್ಪು ಅಂತ ಯಾರು ಹೇಳಿದರು? ಸಮ ಇರಬೇಕು ಅಂತ ಹೇಳಿದ್ದೇವೆ. ಕೆಳಗೆ ಹೋದರೂ ಅಸಮ, ಮೇಲೆ ಹೋದರೂ ಅಸಮ. ಎಣ್ಣೆ ಯಾವುದು ಹಾಕಿದ್ದೀರಿ?"

"ಇವತ್ತ ಒಡದ ಪಾಕೀಟು ರೀ."

ಉಲ್ಲಾಸ ನೋವಿನಿಂದ ಕಣ್ಣು ಮುಚ್ಚಿಕೊಂಡ. "ಅಲ್ಲೇ ನೋಡಿ ಎಡವಿದ್ದು. ಹೋಟೆಲಿನ ಎಣ್ಣೆಗೆ ಒಂದು ಅನುಭವ ಇರುತ್ತದೆ. ಬೋಂಡಾ ನೋಡಿರುತ್ತದೆ, ಹಪ್ಪಳ ನೋಡಿರುತ್ತದೆ. ನಿಮ್ಮ ಎಣ್ಣೆ ಇನ್ನೂ ಏನೂ ಕಂಡಿಲ್ಲ."

ಒಳಕೋಣೆಯಿಂದ ಪಾರ್ವತವ್ವ ಕೂಗಿ ಹೇಳಿದಳು: "ಖರೇ ಹೇಳ್ತಾನ ನೋಡು. ನಾನೂ ಅದನ್ನ ಹೇಳಿದ್ದೆ!"

ತನ್ನ ಅಭಿಪ್ರಾಯವನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳುವ ಸಲುವಾಗಿ ಉಲ್ಲಾಸ ಇನ್ನೊಂದು ತಟ್ಟೆ ಹಾಕಿಸಿಕೊಂಡ. ಅದೂ ದೋಷಪೂರಿತವಾಗಿಯೇ ಇತ್ತು. ಪೂರ್ತಿ ತಿಂದು, ಅಂತಿಮ ಸ್ಪರ್ಧೆಯೊಳಗೆ ಗುಣಮಟ್ಟವನ್ನು ಯುಕ್ತ ಪ್ರಮಾಣದಲ್ಲಿ ಇಳಿಸಿಕೊಳ್ಳುವಂತೆ ಸೂಚಿಸಿ ಹೊರಟ. ಕೆಟ್ಟದಾಗಿ ಮಾಡುವುದು ಹೇಗೆಂದು ಮಹೇಶ್ವರಿಗೆ ಯಾರೂ ಕಲಿಸಿರಲಿಲ್ಲ.

ಮರುದಿನ ವಿಶ್ವೇಶ್ವರ ಭಟ್ಟರು ಸ್ಕೂಟರಿನಲ್ಲಿ ಬಂದಿಳಿದರು. ನವಮೇಘದ್ದಕ್ಕಿಂತ ಚೆನ್ನಾದ ಗೋಬಿ ಇಸಳೂರಿನಲ್ಲಿ ಪತ್ತೆಯಾಗಿದೆ ಎಂದು ಉಲ್ಲಾಸ ಅವರಿಗೆ ದೂರಿನ ರೂಪದಲ್ಲಿ ತಿಳಿಸಿದ್ದ.

"ಎಂತ ಹೇಳೂದು ತಂಗಿ," ಎಂದು ಕುರ್ಚಿಯಲ್ಲಿ ಕುಸಿದರು. "ಅಡುಗೆಯವ ಓಡಿಹೋದ. ಆಧಾರ ತಟ್ಟೆ ಅಂತ ಊರಿಡೀ ಬೋರ್ಡು ಹಾಕಿದ್ದಾರೆ, ತಟ್ಟೆಗೆ ಹಾಕೂಕೆ ಎಂತದೂ ಇಲ್ಲ. ನೀನು ಮನೆಯಲ್ಲೇ ಮಾಡಿ ಕಳಿಸು. ಆಮೇಲೆ ಬಿಸಿ ಮಾಡಿ ಕೊಡೂದು ನಾ ನೋಡಿಕೊಳ್ತೆ."

"ನಂದು ಚಲೋ ಆತಂತ ಫೇಲ್ ಮಾಡ್ಯಾರ್ರಿ ಭಟ್ರ."

"ಅದು ನಿನ್ನ ಮನೆಯಲ್ಲಿ ತಿಂದಾಗ. ನಮ್ಮಲ್ಲಿ ಬಂದ ಮೇಲೆ ಅದೇ ಸರಿ, ಉಳಿದದ್ದೆಲ್ಲ ತಪ್ಪು."

ಮಹೇಶ್ವರಿ ಯೋಚಿಸಿದಳು. ತನ್ನ ಗೋಬಿಯೇ ನವಮೇಘದ ಗೋಬಿಯಾದರೆ, ತನ್ನ ಗೋಬಿ ನವಮೇಘದ ಗೋಬಿಯ ಹಾಗಿಲ್ಲ ಎಂದು ಯಾರು ತಾನೇ ಹೇಳಲು ಸಾಧ್ಯ? ಪ್ರಮಾಣಪತ್ರ ಮನೆಬಾಗಿಲಿಗೇ ನಡೆದು ಬಂದಂತೆ ಅನಿಸಿತು. ಒಪ್ಪಿದಳು. ಭಟ್ಟರು ಹೊರಡುವಾಗ ದನಿ ತಗ್ಗಿಸಿ ಹೇಳಿದರು: "ಒಂದೇ ಮಾತು. ಮನೇದು ಅಂತ ಹೊರಗೆ ಗೊತ್ತಾಗೂದು ಬೇಡ. ಮನೇದೇ ತಿನ್ನೂದಾದ್ರೆ ಜನ ಮನೆಯಲ್ಲೇ ಇರ್ತಿದ್ರಲ್ಲ."

ಅಂದಿನಿಂದ ಪವನ್ ಶಿರಸಿಯ ತನ್ನ ಅಂಗಡಿಗೆ ಹೋಗುವಾಗ ಬೈಕಿನ ಹಿಂದೆ ದೊಡ್ಡ ಡಬ್ಬಿ ಕಟ್ಟಿಕೊಂಡು ಹೋಗತೊಡಗಿದ. ಅಡುಗೆಮನೆಯ ಭಾರ ಇಳಿದದ್ದರಿಂದ ವಿಶ್ವೇಶ್ವರ ಭಟ್ಟರು ತಮ್ಮ ಸಿದ್ಧಾಂತವನ್ನು ಸಡಿಲಿಸಿ 'ಗೋಬಿ ಪಾರ್ಸೆಲ್ ಲಭ್ಯ' ಎಂಬ ಬೋರ್ಡನ್ನೂ ತೂಗುಹಾಕಿದರು. ನವಮೇಘದ ಗೋಬಿ ಈಚೆಗೆ ಬಹಳ ಸುಧಾರಿಸಿದೆ ಎಂದು ಸಮಿತಿ ಅಭಿಪ್ರಾಯಪಟ್ಟು ಭೇಟಿಗಳನ್ನು ಹೆಚ್ಚಿಸಿತು.

ಅಂತಿಮ ಸ್ಪರ್ಧೆ ಶಿರಸಿಯ ಒಂದು ಸಭಾಭವನದಲ್ಲಿ ನಡೆಯಿತು. ಕಾನಸೂರಿನಿಂದ ಕಾವ್ಯಶ್ರೀ ಹೆಗಡೆ, ಚಂದಗುಳಿಯಿಂದ ಭೂಮಿಕಾ ಬಂದಿದ್ದರು. ಇಬ್ಬರೂ ಮನೆಯಲ್ಲಿ ಪ್ರಾಮಾಣಿಕವಾಗಿ ಪ್ರಯತ್ನಿಸಿದವರೇ. ಕಾವ್ಯಶ್ರೀಯ ಹಿಟ್ಟು ಹೂಕೋಸನ್ನು ಬಿಟ್ಟು ಎಣ್ಣೆಯ ಪಾಲಾಗಿತ್ತು. ಭೂಮಿಕಾಳ ಗೋಬಿಯನ್ನು ಮನೆಯವರು ಪಲ್ಯವೆಂದು ಚಪಾತಿಗೆ ಹಚ್ಚಿಕೊಂಡು ತಿಂದುಬಿಟ್ಟಿದ್ದರು. ಹೀಗಾಗಿ ಇಬ್ಬರೂ ಬರುವ ದಾರಿಯಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ, ನವಮೇಘದಲ್ಲಿ ಪಾರ್ಸೆಲ್ ಕಟ್ಟಿಸಿಕೊಂಡು ತಮ್ಮ ತಮ್ಮ ಬಟ್ಟಲಿಗೆ ಸುರಿದುಕೊಂಡಿದ್ದರು. ಆಧಾರ ತಟ್ಟೆಯೂ ನವಮೇಘದಿಂದಲೇ ಬಂತು. ಮಹೇಶ್ವರಿ ತನ್ನದನ್ನು ಮನೆಯಿಂದ ಸ್ಟೀಲಿನ ಡಬ್ಬಿಯಲ್ಲಿ ತಂದಳು. ಒಟ್ಟಿನಲ್ಲಿ ವೇದಿಕೆಯ ಮೇಲಿದ್ದ ನಾಲ್ಕೂ ತಟ್ಟೆಗಳ ಗೋಬಿ ಬೆಳಿಗ್ಗೆ ಇಸಳೂರಿನ ಒಂದೇ ಬಾಣಲೆಯಲ್ಲಿ ಒಟ್ಟಿಗೆ ಕುಣಿದಾಡಿತ್ತು.

ತೀರ್ಪುಗಾರರು ಕಣ್ಣು ಮುಚ್ಚಿ ತಿಂದರು, ತೆರೆದು ತಿಂದರು, ಪರಸ್ಪರ ನೋಡಿ ತಿಂದರು. ಉಲ್ಲಾಸ ಮೈಕು ಹಿಡಿದು ಘೋಷಿಸಿದ:

"ಮೊದಲ ಸ್ಥಾನ ಕಾನಸೂರಿನ ಕಾವ್ಯಶ್ರೀ. ಆಧಾರ ತಟ್ಟೆಗೂ ಇವರ ತಟ್ಟೆಗೂ ಕಿಂಚಿತ್ತೂ ವ್ಯತ್ಯಾಸ ಕಂಡುಬಂದಿಲ್ಲ. ಎರಡನೆಯ ಸ್ಥಾನ ಚಂದಗುಳಿಯ ಭೂಮಿಕಾ. ವ್ಯತ್ಯಾಸ ಇಲ್ಲದಿದ್ದರೂ ಇಬ್ಬರಿಗೂ ಮೊದಲ ಸ್ಥಾನ ಕೊಡಲು ಅವಕಾಶವಿಲ್ಲ. ಮೂರನೆಯವರಾದ ಇಸಳೂರಿನ ಮಹೇಶ್ವರಿಯವರ ಖಾದ್ಯದಲ್ಲಿ ಮನೆಯ ಛಾಯೆ ದಟ್ಟವಾಗಿದ್ದು, ಪ್ರಮಾಣಪತ್ರಕ್ಕೆ ಅರ್ಹವಾಗಿರುವುದಿಲ್ಲ."

ಮಹೇಶ್ವರಿಗೆ ಕಿಟಕಿಯ ಹತ್ತಿರ ಕೂತ ಅತ್ತೆ ಕಣ್ಣಮುಂದೆ ಬಂದಳು. ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

"ನಾಕೂ ನಂದ ಅದಾವ್ರಿ, ನಾ ಕೊಯ್ದ ತುಂಡು ನನಗ ಗುರ್ತ ಸಿಗೂದಿಲ್ಲೇನ್ರಿ! ಹೋಟ್ಲಿಗೆ ಗೋಬಿ ಕಳಸಾಕಿ ನಾನ. ಬೇಕಾದ್ರ ಭಟ್ರನ್ನ ಕೇಳ್ರಿ!"

ವಿಶ್ವೇಶ್ವರ ಭಟ್ಟರು ಕೆಳಗೆ ಬಿದ್ದ ಕರವಸ್ತ್ರವನ್ನು ಹುಡುಕಲು ಕುರ್ಚಿಯಡಿ ತೂರಿದರು. ಅವರ ಕರವಸ್ತ್ರ ಜೇಬಿನಲ್ಲೇ ಇತ್ತು. ಕಾವ್ಯಶ್ರೀ ಮಹೇಶ್ವರಿಯ ಕಡೆ ಬಾಗಿ ಮೆಲ್ಲಗೆ ಹೇಳಿದಳು: "ಅಕ್ಕಾ, ನಿಮ್ದು ಅಂತ ಗೊತ್ತಿರ್ಲಿಲ್ಲ. ಭಾರೀ ಚೊಲೋ ಇತ್ತು. ನಮ್ಮನೆ ಶ್ರಾದ್ಧಕ್ಕೊಂದು ಬಿಟ್ಟು ಬೇರೆ ಎಲ್ಲದಕ್ಕೂ ನಿಮ್ಮತ್ರವೇ ಹೇಳ್ತೆ."

ಕೋಶದ ಅಧ್ಯಕ್ಷರು ಅನುಭವಸ್ಥರು. ಅವರು ನಿಧಾನವಾಗಿ ಮೈಕಿನ ಹತ್ತಿರ ಬಂದರು.

"ಇವರ ಮಾತನ್ನು ಸುಳ್ಳೆಂದು ನಾವು ಹೇಳುವುದಿಲ್ಲ. ನಾಲ್ಕೂ ಇವರದೇ ಎಂದಿಟ್ಟುಕೊಳ್ಳೋಣ. ಆಗ ಏನಾಯಿತು? ಇವರ ಮೂರು ಗೋಬಿಗಳ ಹಾಗೆ ಇವರ ನಾಲ್ಕನೆಯ ಗೋಬಿ ಇಲ್ಲ ಎಂದಾಯಿತು. ತಮ್ಮ ಗೋಬಿಯ ಹಾಗೆ ತಮಗೇ ಮಾಡಲು ಬರದಿದ್ದರೆ ಸಮಿತಿ ಏನು ಮಾಡಲು ಸಾಧ್ಯ? ಇವರಿಗೆ ತರಬೇತಿಯ ಅಗತ್ಯವಿದೆ."

ಸಭೆ ದೀರ್ಘವಾಗಿ ಚಪ್ಪಾಳೆ ತಟ್ಟಿತು. ಎಲ್ಲರೂ ತಟ್ಟುತ್ತಿದ್ದುದರಿಂದ ಮಹೇಶ್ವರಿಯೂ ತಟ್ಟಿದಳು.

ಸ್ಥಳದಲ್ಲಿಯೇ ಆದೇಶ ಹೊರಟಿತು. ಮಹೇಶ್ವರಿಯು ಮಾನ್ಯತೆ ಪಡೆದ ಹೋಟೆಲಿನಲ್ಲಿ, ಅಂದರೆ ನವಮೇಘದಲ್ಲಿ, ಅಲ್ಲಿ ಗೋಬಿ ತಯಾರಿಸುವವರ ಕೈಕೆಳಗೆ ಕಲಿಯತಕ್ಕದ್ದು. ಅಲ್ಲಿಯ ಗೋಬಿ ತಯಾರಿಸುವವಳು ಮಹೇಶ್ವರಿಯೇ ಆಗಿದ್ದರಿಂದ, ಅವಳು ಇಸಳೂರಿನ ತನ್ನ ಅಡುಗೆಮನೆಯಲ್ಲಿ ತನ್ನ ಕೈಕೆಳಗೇ ತರಬೇತಿ ಆರಂಭಿಸಿದಳು. ಶಿಷ್ಯೆಯ ಪ್ರಗತಿ ಹೇಗಿದೆ ಎಂದು ಉಲ್ಲಾಸ ಆಗಾಗ ಬಂದು ವಿಚಾರಿಸುತ್ತಿದ್ದ. "ಹುಷಾರದಾಳ್ರಿ, ಆದ್ರ ಸ್ವಲ್ಪ ಹಟಮಾರಿ," ಎಂದು ಮಹೇಶ್ವರಿ ವರದಿ ಮಾಡುತ್ತಿದ್ದಳು. ಆತ ತಿನ್ನುತ್ತಲೇ ತಲೆಯಾಡಿಸುತ್ತಿದ್ದ.

ಒಂದು ಮಂಗಳವಾರ ಪವನ್ ಖಾಲಿ ಡಬ್ಬಿಯ ಜೊತೆ ನವಮೇಘದ ಒಂದು ಪಾರ್ಸೆಲನ್ನೂ ತಂದ. ಬೆಳ್ಳಿ ಬಣ್ಣದ ಕವರು ಬಿಚ್ಚಿ ತಾಯಿಯ ಮುಂದಿಟ್ಟ. ದಾರಿಯಲ್ಲಿ ಬೆವೆತು ಗೋಬಿ ಪೂರಾ ಮೆತ್ತಗಾಗಿತ್ತು. ಪಾರ್ವತವ್ವ ಒಂದು ತುಂಡು ಬಾಯಿಗಿಟ್ಟಳು. ಕಣ್ಣಲ್ಲಿ ನೀರಾಡಿತು.

"ಇದು ನೋಡವಾ ಹೋಟ್ಲಿಂದು! ಎಷ್ಟ ದಿನಾ ಆಗಿತ್ತು!"

ಮಹೇಶ್ವರಿಗೆ ತಡೆಯಲಾಗಲಿಲ್ಲ. "ಅತ್ತಿ, ಅದು ನಾನ ಮಾಡಿದ್ದು. ಮುಂಜಾನೆ ಇದ ಒಲಿ ಮ್ಯಾಲ ಕರದೀನಿ. ಇವರ ಒಯ್ದು ಹೋಟ್ಲಿಗೆ ಕೊಟ್ಟಾರ, ಇವರ ತಿರಗಿ ತಂದಾರ. ನಿಮ್ಮಾಣಿ."

ಪಾರ್ವತವ್ವ ಸೊಸೆಯನ್ನು ನೋಡಿದಳು, ಮಗನನ್ನು ನೋಡಿದಳು. ಇಬ್ಬರ ಮುಖದಲ್ಲೂ ಸುಳ್ಳಿರಲಿಲ್ಲ.

"ನೀನ ಮಾಡಿರಬೇಕು, ಯಾರು ಇಲ್ಲ ಅಂದ್ರು?" ಎಂದು ಶಾಂತವಾಗಿ ಇನ್ನೊಂದು ತುಂಡು ಎತ್ತಿಕೊಂಡಳು. "ಆದ್ರ ಇದು ಹೋಟ್ಲಿಗೆ ಹೋಗಿ ಬಂದೈತಿ. ಮೆಟ್ಟಲಾ ಹತ್ತೇತಿ, ಇಳದೇತಿ. ಮನ್ಯಾಗ ಕುಂತಿದ್ದಕ್ಕ ಆ ರುಚಿ ಎಲ್ಲಿಂದ ಬರಬೇಕು? ತಗೋ, ನೀನೂ ತಿನ್ನು, ಗೊತ್ತಾಗ್ತೈತಿ."

ಮಹೇಶ್ವರಿ ಅತ್ತೆ ಕೈಗಿಟ್ಟ ತುಂಡನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು.

"ಹೌದ್ರಿ ಅತ್ತಿ," ಎಂದಳು. "ಬ್ಯಾರೇನ ಐತಿ."

ಈಗ ಪ್ರತಿ ಮಂಗಳವಾರ ಇಸಳೂರಿನ ಗೋಬಿ ಶಿರಸಿಗೆ ಹೋಗಿ, ಮೆಟ್ಟಿಲು ಹತ್ತಿ, ಇಳಿದು, ಬೈಕಿನಲ್ಲಿ ಮನೆಗೆ ಬರುತ್ತದೆ. ಪವನ್ ಒಮ್ಮೆ ಸೋಮಾರಿತನದಿಂದ ಮಹಡಿಗೆ ಹೋಗದೆ ಕೆಳಗಿನಿಂದಲೇ ಗೋಬಿಯನ್ನು ಮರಳಿ ತಂದಿದ್ದ. ಮಹೇಶ್ವರಿ ಒಂದೇ ತುಂಡು ಬಾಯಿಗೆ ಹಾಕಿಕೊಂಡು, ಡಬ್ಬಿ ಸಮೇತ ಅವನನ್ನು ವಾಪಸು ಕಳಿಸಿದಳು.