ಗ್ಯಾಸ್ ಲೈನು ಬಗ್ಗಿದ್ದು

ಜಮೀನು ಕೇಳೋಕೆ ಬಂದವರ ಜೊತೆ ಜಗಳ ಆಡುವುದೇ ರೈತ ಲೀಡರಾದ ನನ್ನ ಬದುಕು. ಜಗಳ ಇರುವ ಕಡೆ ನಗುವೂ ಬಂದು ಕೂತಿರುತ್ತದೆ. ಅದಕ್ಕೆ ಯಾರೂ ನೋಟಿಸು ಕೊಡಬೇಕಿಲ್ಲ. ಎರಡು ಸಾವಿರನೇ ಇಸವಿಯ ಈಚೆಗೆ ಹೆಮ್ಮರಗಾಲದ ಆಚೆಗಿನ ನಮ್ಮೂರಿಗೆ ಗ್ಯಾಸ್ ಪೈಪಿನ ಸರ್ವೆಯವರು ಹಳದಿ ಗೂಟ ಹೊತ್ತು ಬಂದಾಗ ನಡೆದ ಪ್ರಸಂಗಗಳು ಇವು.

೧. ರಾಷ್ಟ್ರದ ಒಲೆ

ಸರ್ವೆ ಎಂಜಿನಿಯರು ಅರಳಿಕಟ್ಟೆ ಮೇಲೆ ನಕ್ಷೆ ಹರಡಿದ. ಗ್ಯಾಸನ್ನು ಕೊರೆಯುವಷ್ಟು ತಣ್ಣಗೆ ಮಾಡಿ, ನೀರಿನ ಹಾಗೆ ಹಡಗಿನಲ್ಲಿ ತರುತ್ತಾರಂತೆ. ಸಮುದ್ರದ ದಡದಲ್ಲಿ ಬಿಸಿ ಮಾಡಿ, ಮತ್ತೆ ಗ್ಯಾಸು ಮಾಡಿ, ಪೈಪಿಗೆ ತುಂಬುತ್ತಾರಂತೆ. ಅದು ನಮ್ಮ ನೆಲದಡಿ ಹಾದು ದೇಶದ ಗ್ಯಾಸ್ ಜಾಲಕ್ಕೆ ಸೇರುತ್ತದಂತೆ. ಬೈಯಲು ಬಂದಿದ್ದ ನಾವು ಬಾಯಿ ಬಿಟ್ಟುಕೊಂಡು ಕೇಳಿದೆವು.

ಪಕ್ಕದಲ್ಲೇ ಹುರುಳಿ ಕೇರುತ್ತಿದ್ದ ಹೆಂಗಸು ಮೊರ ನಿಲ್ಲಿಸಿದಳು. "ನನ್ ಜಮೀನ್ ಕೆಳಗೆ ಓಗೋ ಗ್ಯಾಸು ನನ್ ಒಲೆಗೆ ಬರಾಕಿಲ್ವಾ ಸಾ?"

"ಇಲ್ಲಮ್ಮ, ಇದು ರಾಷ್ಟ್ರಕ್ಕೆ."

"ಮತ್ತೆ ನಮ್ಮೂರು ಯಾವ್ ರಾಷ್ಟ್ರದಲ್ಲಿ ಅದೆ?"

೨. ನಿಮ್ಮದೇ ಜಮೀನು

"ಹೆದರಬೇಡಿ, ಜಮೀನು ನಿಮ್ಮದೇ ಇರುತ್ತೆ" ಅಂದ ಎಂಜಿನಿಯರು. ಲೈನಿನ ಮೇಲೆ ಮನೆ ಕಟ್ಟಬಾರದು, ಬಾವಿ ತೋಡಬಾರದು, ಮರ ಬೆಳೆಸಬಾರದು, ಅಷ್ಟೇ.

ನನಗೆ ಪಿತ್ತ ನೆತ್ತಿಗೇರಿತು. "ಏನೂ ಮಾಡಂಗಿಲ್ಲ ಅಂದ್ರೆ ಅದು ನಮ್ದು ಹೆಂಗ್ರೀ?"

ಅವನು ಸಮಾಧಾನವಾಗಿ ಹೇಳಿದ: "ಕಂದಾಯ ನೀವೇ ಕಟ್ಟಬೇಕಲ್ಲ ಸಾರ್."

೩. ಸತ್ತವರ ಸಾಲು

ನಮ್ಮಲ್ಲಿ ಹಿರಿಯರು ತೀರಿಕೊಂಡರೆ ಅವರವರ ಜಮೀನಿನಲ್ಲೇ ಮಣ್ಣು ಮಾಡುತ್ತೇವೆ. ಅಂಥ ಸಮಾಧಿಯ ಮೇಲೆ ಪೈಪು ಹಾಕುತ್ತೀರಾ ಅಂತ ನಾನು ಗದರಿಸಿದೆ. "ಛೆ, ಸಮಾಧಿ ಇದ್ದ ಕಡೆ ಲೈನ್ ಬಗ್ಗಿಸ್ತೀವಿ" ಅಂದುಬಿಟ್ಟ ಪುಣ್ಯಾತ್ಮ.

ಮುಂದಿನ ವಾರ ಅವನು ಬಂದಾಗ ಗೂಟ ನೆಟ್ಟ ದಾರಿಯುದ್ದಕ್ಕೂ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ವಿಭೂತಿ, ಬಿಲ್ವಪತ್ರೆ.

"ಏನ್ರೀ ಇದು? ಹೋದ ವಾರ ಎಲ್ಲರೂ ಚೆನ್ನಾಗಿದ್ರಲ್ಲ! ಊರಿಗೆ ಏನು ಬಂತು?"

ಹಿಂದಿನಿಂದ ಯಾರೋ ಅಂದರು: "ನೀವು ಬಂದ್ರಲ್ಲ ಸಾ."

೪. ಖಾಲಿ ಸಮಾಧಿ

ಎಂಜಿನಿಯರು ದಡ್ಡನಲ್ಲ. ದಿಬ್ಬಗಳಿಗೆ ಕೋಲು ಚುಚ್ಚಿ, ಹಸಿ ಮಣ್ಣು ನೋಡಿ, ನಗುತ್ತ ಮುಂದೆ ಹೋದ. ಕೊನೆಗೆ ತೆಂಗಿನ ತೋಟದ ತಾತನ ಹತ್ತಿರ ಬಂದ. ಆ ಮರಗಳನ್ನು ಸಸಿಯಿಂದಲೇ ತಾತ, ಈಗ ತೀರಿಹೋಗಿರುವ ಅವನ ಹೆಂಡತಿ, ಇಬ್ಬರೂ ಹೆಗಲಲ್ಲಿ ನೀರು ಹೊತ್ತು ಸಾಕಿದ್ದರು. ಲೈನು ಸರಿಯಾಗಿ ಮರಗಳ ಮೇಲೇ ಬರುತ್ತಿತ್ತು. ತಾತ ದಿಬ್ಬಗಿಬ್ಬ ಮಾಡಿರಲಿಲ್ಲ. ತೋಟದ ನಡುವೆ ಗಟ್ಟಿಮುಟ್ಟಾಗಿ ಕಲ್ಲಿನ ಸಮಾಧಿಯನ್ನೇ ಕಟ್ಟಿಸಿದ್ದ.

"ಇದು ಯಾರದು?"

"ನಂದೇ ಸಾ."

"ನೀವು ಬದುಕಿದ್ದೀರಲ್ಲ!"

"ಇವ್ನೀ ಈಗ. ನೀವು ಮರಕ್ಕೆ ಕೊಡ್ಲಿ ಆಕಿದ ದಿವ್ಸ ಒಳಕ್ಕೋಯ್ತೀನಿ. ಅವತ್ತು ಕಟ್ಟಾಕೆ ಯಾರ್ ಬಂದಾರು ಅಂತ ಈಗ್ಲೇ ಕಟ್ಟಿಸ್ದೆ."

ತಾತ ನಗಲಿಲ್ಲ. ಎಂಜಿನಿಯರು ಮರಗಳನ್ನು ನೋಡಿದ, ತಾತನನ್ನು ನೋಡಿದ, ನಕ್ಷೆ ಬಿಚ್ಚಿ ಗೆರೆಯನ್ನು ಪಕ್ಕಕ್ಕೆ ಎಳೆದ. "ಹೋಗ್ಲಿ ಬಿಡಿ, ಬಗ್ಗಿಸ್ತೀನಿ."

ನಾನು ಮುಷ್ಟಿ ಎತ್ತಿ "ರೈತರ ಹೋರಾಟಕ್ಕೆ..." ಅಂತ ಕೂಗಿದೆ. ಜನ "ಜಯವಾಗಲಿ" ಅನ್ನುವುದರೊಳಗೆ ಎಂಜಿನಿಯರು ಕೇಳಿದ: "ಆ ಪಕ್ಕದ ಜಮೀನು ಯಾರದು? ಮರ ಇಲ್ಲ, ಬಾವಿ ಇಲ್ಲ, ಸತ್ತವರೂ ಇಲ್ಲ. ಬರೀ ಹುಲ್ಲು. ಪೈಪಿಗೆ ಅಂತಲೇ ಬಿಟ್ಟಂಗಿದೆ."

ಅದು ನನ್ನದು. ಊರೂರು ಸುತ್ತಿ ಭಾಷಣ ಮಾಡುವವನಿಗೆ ಸಸಿ ನೆಡಲು ಪುರುಸೊತ್ತೆಲ್ಲಿ? ಎತ್ತಿದ ಮುಷ್ಟಿ ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ.

ತಾತ ಬಂದು ಹೆಗಲ ಮೇಲೆ ಕೈ ಇಟ್ಟ. "ಬೇಜಾರ್ ಮಾಡ್ಕೋಬ್ಯಾಡ ಕಣ್ಲಾ ಲೀಡ್ರು. ನನ್ ಸಮಾಧಿ ಖಾಲಿನೇ ಅದೆ, ಕಲ್ಲು ಕಿತ್ಕೊಂಡೋಗಿ ನಿನ್ ಜಮೀನಿಗೆ ಆಕ್ಕೋ. ನಂಗಿನ್ನು ಅರ್ಜೆಂಟಿಲ್ಲ."